ಎರಡು ಸಾಲು ಹೊಲಿಗೆ

ಬೀದಿಯವರಿಗೆಲ್ಲ ಅವಳು ಪರದೆಯಕ್ಕ. ಬಸ್ ನಿಲ್ದಾಣದ ಹಿಂದಿನ ಒಂಟಿ ಕೋಣೆಯಲ್ಲಿ ಕಿಟಕಿ ಪರದೆ ಹೊಲಿಯುವುದು ಅವಳ ಕಸುಬು. ಅವಳ ಹೊಲಿಗೆ ಬಿಚ್ಚಿಕೊಂಡಿತೆಂದು ಇದುವರೆಗೆ ಯಾರೂ ವಾಪಸ್ ಬಂದದ್ದಿಲ್ಲ. ಒಂದು ಸಾಲು ಹೊಲಿದ ಮೇಲೆ ಮನಸ್ಸು ತಡೆಯದೆ ಪಕ್ಕದಲ್ಲೇ ಇನ್ನೊಂದು ಸಾಲು ಓಡಿಸುತ್ತಿದ್ದಳು. ಬೀಗ ಹಾಕಿ ಎರಡು ಸಲ ಜಗ್ಗಿ ನೋಡುವ, ಗ್ಯಾಸ್ ಆರಿಸಿದ್ದರೂ ಅರ್ಧ ದಾರಿಯಿಂದ ಓಡಿಬರುವ ಜೀವ ಅದು.

ಗುಡ್ಡದ ಮೇಲಿನ ಪುಣ್ಯಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಹೊರಟ ತಂಡಕ್ಕೆಲ್ಲ ರೈನ್‌ಕೋಟು ಹೊಲಿದವಳೂ ಅವಳೇ. ಅವಳ ಮಾವ ವರ್ಷ ವರ್ಷವೂ ನಡೆಯುತ್ತಿದ್ದ ದಾರಿ ಅದು. ಅವರು ತೀರಿಕೊಂಡ ಮೇಲೆ ಅತ್ತೆ ಹಟ ಹಿಡಿದರು. "ಕೊನೇ ಏರು, ಕೊನೇ ಏರು ಅಂತ ಅವರು ಹೇಳಿದ್ದೇ ಹೇಳಿದ್ದು. ಒಂದ್ಸಲ ನನ್ನ ಕಾಲಲ್ಲೇ ಹತ್ತಿ ನೋಡ್ಬೇಕು." ಆದರೆ ಹಿಂದಿನ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಆಸ್ಪತ್ರೆ ಕಂಡ ಎದೆ ಅತ್ತೆಯದು. ಡಾಕ್ಟರು ನಡೆಯಿರಿ, ನೆನೆಯಬೇಡಿ ಎಂದಿದ್ದರು. ನೆನೆಯಬೇಡಿ ಎಂಬ ಆ ಮಾತೊಂದೇ ಸೊಸೆಯ ತಲೆಯಲ್ಲಿ ನೊಣದ ಹಾಗೆ ಗುಂಯ್‌ಗುಡುತ್ತಿತ್ತು.

ತಂಡದ ಮುಂದಾಳು ನಿವೃತ್ತ ನರ್ಸಮ್ಮ. ದಿನವೂ ಬೆಳಿಗ್ಗೆ ಹೊರಡುವ ಮುಂಚೆ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳುತ್ತಿದ್ದರು: "ಉಸಿರು ನೋಡಿ. ಪಾದ ನೆಲಕ್ಕೆ ತಾಗೋದು ನೋಡಿ. ಮಳೆ ಬಂದ್ರೆ ಅದು ಮೈಗೆ ಎಲ್ಲಿ ತಾಗ್ತಿದೆ ಅಂತ ನೋಡಿ. ಬೈಬೇಡಿ, ಓಡಬೇಡಿ. ಸುಮ್ನೆ ನೋಡಿ."

ಆವತ್ತು, ಕೊನೇ ಏರು ಹತ್ತಬೇಕಿದ್ದ ದಿನ, ಮಳೆ ಗಾಳಿಯ ಜೊತೆ ಅಡ್ಡಡ್ಡಲಾಗಿ ಬಡಿಯಿತು. ಪರದೆಯಕ್ಕ ಉಸಿರು ನೋಡಲು ಹೋದಳು. ಕಣ್ಣು ಮಾತ್ರ ಮುಂದೆ ನಡೆಯುತ್ತಿದ್ದ ಅತ್ತೆಯ ಹೆಗಲ ಮೇಲೆ. ಅಷ್ಟರಲ್ಲಿ ಹಿಂದಿನಿಂದ, ತಂಡದಲ್ಲಿದ್ದ ಬೇಕರಿಯಣ್ಣನ ದನಿ ಬಂತು.

"ಪರದೆಯಕ್ಕಾ, ಮಳೆ ಎಲ್ಲಿ ತಾಗ್ತಿದೆ ಅಂತ ನೋಡಿದೆ. ಸರಿಯಾಗಿ ನೀನು ಹೊಲಿದ ಜಾಗದಲ್ಲೇ! ಅದೂ ಎರಡು ಸಾಲಲ್ಲಿ!"

ಎಲ್ಲರೂ ನಕ್ಕರು. ಅವಳು ತನ್ನ ಕೋಟಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಪರದೆಗೆ ಎರಡು ಸಾಲು ಎಂದರೆ ಗಟ್ಟಿ. ರೈನ್‌ಕೋಟಿಗೆ ಎರಡು ಸಾಲು ಎಂದರೆ ಸೂಜಿಯ ತೂತು ಎರಡರಷ್ಟು. ಅತ್ತೆಯ ಕೋಟಿಗೋ, ಇರಲಿ ಎಂದು ಮೂರನೆಯದನ್ನೂ ಎಳೆದಿದ್ದಳು.

ಮಧ್ಯಾಹ್ನ ಟೀ ಅಂಗಡಿಯೊಂದರ ಮಾಡಿನಡಿ ನಿಂತಾಗ ನರ್ಸಮ್ಮ ಒಬ್ಬೊಬ್ಬರ ಬೆನ್ನಿಗೂ ಕೈಯಿಟ್ಟು ನೋಡಿದರು. ಅತ್ತೆಯ ರವಿಕೆಯ ಹೆಗಲು ಒದ್ದೆ.

"ಒಣಗಿದ್ದು ಹಾಕ್ಕೊಳ್ಳಿ. ಸೇತುವೆ ಹತ್ರ ಮತ್ತೆ ನೋಡ್ತೀನಿ. ಅದಾದ್ಮೇಲೆ ಬಸ್ಸಿಲ್ಲ, ಬರೀ ಏರು. ಅಲ್ಲೂ ಒದ್ದೆ ಇದ್ರೆ ನಿಮ್ಮನ್ನ ಮನೆಗೆ ಕಳಿಸ್ತೀನಿ. ಆಮೇಲೆ ನನ್ನ ಬೈಬೇಡಿ."

ಅತ್ತೆ ಮಳೆಯಾಚೆ ಗುಡ್ಡದ ಕಡೆ ನೋಡಿದರು. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಸೊಸೆಗೆ.

ಟೀ ಅಂಗಡಿಯಲ್ಲಿ ಇದ್ದದ್ದು ಒಂದೇ ಮೇಣದಬತ್ತಿ. ಅದನ್ನು ಬೇಡಿ ತಂದು, ಅತ್ತೆಯ ಹಳದಿ ಕೋಟನ್ನು ಒರೆಸಿ, ಹೊಲಿಗೆಯುದ್ದಕ್ಕೂ ಮೇಣ ಉಜ್ಜಿ ಹೆಬ್ಬೆರಳಿನಿಂದ ತಿಕ್ಕಿದಳು. ಹೊರಗಿನಿಂದ ಆಯಿತು. ಮನಸ್ಸು ತಡೆಯದೆ ಒಳಗಿನಿಂದಲೂ ಉಜ್ಜಿದಳು. ಬತ್ತಿ ದಾರವಷ್ಟೇ ಕೈಯಲ್ಲಿ ಉಳಿಯಿತು.

"ನಿಂದಕ್ಕೆ?" ಅಂದರು ಅತ್ತೆ.

"ನಂದೇನು ಬಿಡಿ, ನಾನು ಗಟ್ಟಿ."

ಬೇಕರಿಯಣ್ಣ ಬ್ರೆಡ್ ತುಂಬುವ ದೊಡ್ಡ ಪ್ಲಾಸ್ಟಿಕ್ ಚೀಲಗಳನ್ನು ಹರಿದು ಎಲ್ಲರ ಹೆಗಲಿಗೂ ಹಂಚಿದ. "ತಗೊಳ್ಳಿ, ಇವತ್ತು ನಾವೆಲ್ಲ ಬನ್ನು!" ಪರದೆಯಕ್ಕ ತನ್ನ ಪಾಲಿನದನ್ನೂ ಅತ್ತೆಗೇ ಹೊದಿಸಿದಳು.

ಮತ್ತೆ ನಡಿಗೆ. ಮತ್ತೆ ಅದೇ ಹೆಗಲು.

"ಅತ್ತೆ, ಒದ್ದೆ ಆಯ್ತಾ?"

"ಇಲ್ಲ."

"ಈಗ?"

"ಉಸಿರು ನೋಡೋಕೆ ಬಿಡೇ ಮಾರಾಯ್ತಿ! ನೀನು ಕೇಳಿ ಕೇಳಿ ಉಸಿರೇ ಕಟ್ಟಿಸ್ತೀಯ."

ಅವಳು ಕೇಳುವುದು ಬಿಟ್ಟು ಹೆಗಲನ್ನೇ ದಿಟ್ಟಿಸಿದಳು. ಗುಂಡಿಗೆ ಕಾಲು ಹೋಯಿತು, ಚಪ್ಪಲಿಯ ಪಟ್ಟಿ ಕಿತ್ತುಹೋಯಿತು, ಎಳೆದುಕೊಂಡೇ ನಡೆದಳು. ಪಾದ ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ, ಅವಳನ್ನು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ಸೇತುವೆ ಬಂತು. ಊರಿಗೆ ವಾಪಸ್ ಹೋಗುವ ಬಸ್ಸು ಎಂಜಿನ್ ಆರಿಸದೆ ನಿಂತಿತ್ತು. ನರ್ಸಮ್ಮ ಅತ್ತೆಯ ಕೋಟಿನೊಳಗೆ ಕೈ ಹಾಕಿದರು. ಸೊಸೆ ಉಸಿರು ಬಿಗಿಹಿಡಿದಳು.

"ಬೆಚ್ಚಗಿದೆ. ಒಣಗಿದೆ. ನಡೀರಿ."

ಅಬ್ಬಾ ಎಂದು ನಗಲು ಹೋದಳು. ತುಟಿ ಅಲುಗಲಿಲ್ಲ. ನರ್ಸಮ್ಮನ ಕೈ ಈಗ ಅವಳ ಬೆನ್ನಿನ ಮೇಲಿತ್ತು.

"ಇದೇನೇ ಇದು, ಹಿಂಡಿದ್ರೆ ಬಕೆಟ್ ತುಂಬುತ್ತೆ! ಎಷ್ಟು ಹೊತ್ತಿಂದ ನಡುಗ್ತಿದೀಯ?"

"ನಡುಗ್ತಿಲ್ಲ" ಎಂದಳು. ಹಲ್ಲು ಕಟಕಟ ಎಂದು ಬೇರೆಯೇ ಹೇಳಿದವು.

"ಬೆರಳು ನೋಡು, ನೀಲಿ! ನಡಿ, ಬಸ್ಸು ಹತ್ತು. ಮಾತಿಲ್ಲ."

"ನಾನು ಹೋದ್ರೆ ಅತ್ತೆಯನ್ನ ನೋಡ್ಕೊಳ್ಳೋರು ಯಾರು?"

"ನನಗೆ ಕಣ್ಣಿಲ್ವಾ?"

ಅತ್ತೆ ಅವಳ ಕೈಯನ್ನು ಎರಡೂ ಅಂಗೈ ನಡುವೆ ಹಿಡಿದು ತಿಕ್ಕಿದರು. ಗುಡ್ಡದ ಕಡೆ ಒಮ್ಮೆ, ಬಸ್ಸಿನ ಕಡೆ ಒಮ್ಮೆ ನೋಡಿದರು. "ನಾನೂ ಬರ್ತೀನಿ ನಡಿ. ಒಬ್ಬಳನ್ನೇ ಹೇಗೆ ಕಳಿಸಲಿ?"

ಹೂಂ ಎಂದರೆ ಮುಗಿಯಿತು. ಅತ್ತೆ ಕಣ್ಣೆದುರೇ ಇರುತ್ತಾರೆ, ಬೆಚ್ಚಗೆ. ಹೂಂ ಎನ್ನುವುದು ನಾಲಿಗೆಯ ತುದಿಯವರೆಗೆ ಬಂದೇ ಬಂತು. ಆದರೆ ಅತ್ತೆಯ ಪಾದ ಇನ್ನೂ ಏರಿನ ಕಡೆಗೇ ತಿರುಗಿತ್ತು. ಅದನ್ನು ಅವಳು ನೋಡಿಬಿಟ್ಟಳು.

"ಬೇಡ ಅತ್ತೆ. ನೀವು ಹತ್ತಿ. ಹತ್ತಿ ಬಂದು ನನಗೂ ಹೇಳಿ, ಮಾವ ಹೇಳ್ತಿದ್ರಲ್ಲ, ಹಾಗೆ."

ನರ್ಸಮ್ಮನ ಶಾಲು ಹೊದ್ದು ಕಿಟಕಿಯ ಪಕ್ಕ ಕುಳಿತಳು. ಆಗ ಎಲ್ಲ ಒಟ್ಟಿಗೆ ಬಂತು: ಚಳಿ, ಹಿಮ್ಮಡಿಯ ಉರಿ, ಬೆನ್ನಿನ ಮೇಲೆ ಹರಿದಿಳಿದ ನೀರು. ಇಷ್ಟು ಹೊತ್ತು ಇವೆಲ್ಲ ಎಲ್ಲಿದ್ದವು? ಗಾಜು ಮಂಜಾಯಿತು. ಒರೆಸಿದಳು. ಹಳದಿ ಕೋಟೊಂದು ಏರನ್ನು ಹತ್ತುತ್ತಿತ್ತು, ನಿಧಾನವಾಗಿ, ಒಮ್ಮೆಯೂ ಹಿಂತಿರುಗದೆ. ಮತ್ತೆ ಒರೆಸಿದಳು.

ಬಸ್ಸು ಹೊರಟಿತು. ಇನ್ನಾದರೂ ಉಸಿರು ನೋಡೋಣ ಎಂದು ಕಣ್ಣು ಮುಚ್ಚಿದಳು. ಒಳಗೆ ಬಂತು, ಹೊರಗೆ ಹೋಯಿತು. ಒಳಗೆ ಬಂತು...

ತಟ್ಟನೆ ಕಣ್ಣು ಬಿಟ್ಟಳು. ಅತ್ತೆಯ ಕೋಟಿನ ಟೋಪಿ! ಟೋಪಿಯ ಹೊಲಿಗೆಗೆ ಮೇಣ ಉಜ್ಜಿದ್ದೆನಾ?

ತಿರುವು ದಾಟಿತ್ತು. ಗಾಜಿನಲ್ಲಿ ಬರೀ ಮಳೆ.