ಬಾಜೂ ಏನಿತ್ತು ಕೇಳು

ಹೃದಯದ ಬಡಿತ ಹಿಡಿಯುವ ಸೆನ್ಸರಿನ ಪೆಟ್ಟಿಗೆಗೆ ಅಂಟಿದ್ದ ಗೋಂದನ್ನು ನರ್ಸ್ ಪೆಟ್ರೋಲಿನ ಅರಳೆಯಿಂದ ಒರೆಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗೋಕಾಕಿನ ಆಸ್ಪತ್ರೆ ಮರೆತೇಹೋಯಿತು. ಯಮಕನಮರಡಿಯ ಬಸ್‌ಸ್ಟ್ಯಾಂಡು, ಪೆಟ್ರೋಲಿನಲ್ಲಿ ಚಕ್ರ ತೊಳೆದು ಗಡಿಯಾರ ರಿಪೇರಿ ಮಾಡುವ ಕಾಕಾನ ಗೂಡಂಗಡಿ...

ಕಾಕಾನ ತಲೆಯ ಮೇಲೆ ಬಿಳಿ ಟೋಪಿ, ಒಂದು ಕಣ್ಣಿಗೆ ಭೂತಗನ್ನಡಿ. ಯಾರು ವಾಚು ತಂದರೂ ಬಿಚ್ಚುವ ಮೊದಲು ಅದನ್ನು ದಿಕ್ಸೂಚಿಯ ಹತ್ತಿರ ಹಿಡಿದು ದಿಕ್ಸೂಚಿಯ ಮುಳ್ಳು ಅಲುಗುತ್ತದೆಯೇ ಎಂದು ನೋಡುತ್ತಿದ್ದರು. ಅಪ್ಪನ ವಾಚು ದಿನಾ ಮುಂದೆ ಓಡತೊಡಗಿದಾಗ, ಸುಡುಗಾಡು ವಾಚು ಅಂತ ನಾನು ಅವರ ಮುಂದೆ ಹಾರಾಡಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ!

“ವಾಚಿಗೆ ಬೈಬ್ಯಾಡವ್ವಾ. ಮದಲ ಅದರ ಬಾಜೂ ಏನಿತ್ತು ಕೇಳು,” ಎಂದಿದ್ದರು.

ಅದನ್ನು ದಿನಾ ರೇಡಿಯೋದ ಸ್ಪೀಕರಿನ ಮೇಲಿಡುತ್ತಿದ್ದವಳು ನಾನೇ. ಸ್ಪೀಕರಿನ ಅಯಸ್ಕಾಂತ ವಾಚಿನ ಸ್ಪ್ರಿಂಗನ್ನು ಕೆಡಿಸಿತ್ತು. ನಾಚಿಕೆಯಿಂದ ತಲೆ ತಗ್ಗಿಸಿದೆ. ಕಾಕಾ ಮಾತ್ರ ನಕ್ಕು, ಕೈಗೆ ಭೂತಗನ್ನಡಿ ಕೊಟ್ಟು ಒಳಗಿನ ಚಕ್ರಗಳನ್ನು ತೋರಿಸಿದ್ದರು.

ಹೃದಯ ಬಡಿದಾಗ ಹುಟ್ಟುವ ತೀರಾ ಸಣ್ಣ ಕಾಂತಕ್ಷೇತ್ರವನ್ನು ಪರಮಾಣುಗಳಿಂದ ಹಿಡಿಯುವ ಕ್ವಾಂಟಮ್ ಸೆನ್ಸರ್ ನಮ್ಮದು. ಅದನ್ನು ನೋಡಿಕೊಳ್ಳುವುದು ಈಗ ನನ್ನ ಕೆಲಸ. ಇವತ್ತು ಮಮದಾಪುರದ ಬಸುರಿಯೊಬ್ಬಳು ಬಂದಿದ್ದಳು. ಮೊದಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಈ ಕೂಸಿನ ಬಡಿತವೂ ತಪ್ಪುತ್ತಿದೆಯೇನೋ ಎಂದು ಡಾಕ್ಟರಿಗೆ ಅನುಮಾನ. ಆದರೆ ಪರದೆಯ ತುಂಬ ಬರೀ ಗೀಚು.

“ಮಷಿನ್ ಕೆಟ್ಟೈತಿ. ಮುಂದಿನ ತಿಂಗಳ ಕರಸೂಣು,” ಎಂದರು ನನ್ನ ಜೊತೆ ಕೆಲಸ ಮಾಡುವವರು. ಅವಳ ಮುಖ ಬಾಡಿತು. ಒಂದು ತಿಂಗಳು ಅವಳು ಹೇಗೆ ತಡೆದಾಳು?

ಮಷಿನ್ನಿಗೆ ಬೈಯಲು ಬಾಯಿ ತೆರೆದವಳಿಗೆ ಕಾಕಾನ ಮಾತು ನೆನಪಾಯಿತು. ಪರೀಕ್ಷೆಯ ಕೋಣೆಯೊಳಗೆ ಹೋಗಿ ಅವಳನ್ನು ಕೇಳಿದೆ. “ತಂಗಿ, ಮೈಮ್ಯಾಲ ಕಬ್ಬಿಣ ಏನರ ಐತೇನವಾ?”

ಅವಳು ಸೊಂಟ ಮುಟ್ಟಿಕೊಂಡಳು. “ಉಡದಾರಕ್ಕ ಮೊಳಿ ಐತ್ರಿ. ದೃಷ್ಟಿ ಆಗಬಾರದಂತ ಅತ್ತಿ ಕಟ್ಯಾರ. ತಗದ್ರ ಕೂಸಿಗೆ ಏನರ ಆದ್ರ?”

“ಕೆಳಗ ಇಡೂದಿಲ್ಲ. ನೀ ಹೊರಗ ಬರೂತನಕ ಕೈಯಾಗ ಹಿಡಕೊಂಡ ಬಾಗಲದಾಗ ನಿಂದರ್ತೇನಿ.”

ನಿಂತೆ. ಮೊಳೆ ಮುಷ್ಟಿಯಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಡಾಕ್ಟರು ಒಳಗಿಂದಲೇ ಕೂಗಿದರು. ತಾಯಿಯದು ಬೇರೆ, ಕೂಸಿನದು ಬೇರೆ, ಎರಡೂ ಬಡಿತ ಸ್ಪಷ್ಟ. ಕೂಸಿನದು ಒಂದೂ ತಪ್ಪಿರಲಿಲ್ಲ. ನನ್ನ ಎದೆ ಹಿಗ್ಗಿತು. ಓದಿದ್ದಕ್ಕಲ್ಲ, ಆ ಗೂಡಂಗಡಿಯ ಮುಂದೆ ನಿಂತು ಕಲಿತದ್ದಕ್ಕೆ.

ಅವಳು ಹೊರಬಂದು ಮೊಳೆ ಇಸಿದುಕೊಂಡಳು. “ಮೊಳಿದಽ ಗದ್ದಲ ಅಂತ ಹೆಂಗ ತಿಳೀತ್ರಿ ನಿಮಗ?”

“ನಮ್ಮೂರಾಗಿನ ಗಡಿಯಾರದ ಕಾಕಾ ಕಲಿಸಿದ್ದವಾ.”

“ಹಂಗಾದ್ರ ಅವರಿಗೆ ನನ್ನ ಶರಣು ಮುಟ್ಟಸ್ರಿ ಅಕ್ಕಾ. ಕೂಸು ಹುಟ್ಟಿದ ಮ್ಯಾಲ ಕರಕೊಂಡ ಹೋಗಿ ತೋರಸ್ತೇನಿ.”

“ಮುಟ್ಟಸ್ತೇನಿ,” ಎಂದೆ. ಕಾಕಾ ತೀರಿಕೊಂಡು ಆರು ವರ್ಷವಾಗಿತ್ತು.