ಚಾಳಿನ ಬಸಳೆ

ಬಸಳೆಗೆ ತನ್ನ ಕಾಲ ಮೇಲೆ ತಾನು ನಿಲ್ಲುವ ಛಲವೇ ಇಲ್ಲ. ಏನನ್ನಾದರೂ ತಬ್ಬಿಕೊಂಡರಷ್ಟೇ ಅದು ಮೇಲೇಳುತ್ತದೆ. ಇದನ್ನು ನಾನು ಅದರ ದೋಷವೆಂದೇ ಎಣಿಸಿದ್ದ ಕಾಲವೊಂದಿತ್ತು. ಎಪ್ಪತ್ತರ ದಶಕದ ಆರಂಭ. ಮುಂಬಯಿಯ ವಡಾಲದ ಚಾಳೊಂದರಲ್ಲಿ ವಾಸ, ಕನ್ನಡ ಶಾಲೆಯಲ್ಲಿ ವಿಜ್ಞಾನದ ಮೇಷ್ಟರಿಕೆ. ಬೆಳಕು, ನೀರು, ಮಣ್ಣು ಮುಂತಾದ ಅಜೈವಿಕ ಅಂಶಗಳ ಮತ್ತು ಸಸ್ಯ, ಪ್ರಾಣಿ ಮುಂತಾದ ಜೈವಿಕ ಅಂಶಗಳ ಕೊಡುಕೊಳ್ಳುವಿಕೆಯಲ್ಲೇ ಸಕಲ ಜೀವಿಗಳ ಯೋಗಕ್ಷೇಮವಿದೆಯೆಂದು ಕರಿಹಲಗೆಯ ಮುಂದೆ ಗಂಭೀರವಾಗಿ ಸಾರುತ್ತಿದ್ದ ಈ ಪಂಡಿತನಿಗೆ, ಮನೆಯಲ್ಲಿ ಒಂದು ಬಸಳೆ ದಂಟನ್ನು ಚಿಗುರಿಸಲಾಗಲಿಲ್ಲ.

ಆ ದಂಟನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಉಡುಪಿಯ ಕಡೆಯ ತವರಿನಿಂದ ತಂದವಳು ನನ್ನ ಹೆಂಡತಿ ಗಿರಿಜೆ, ಆಗ ಐದು ತಿಂಗಳ ಗರ್ಭಿಣಿ. ವನಸ್ಪತಿ ತುಪ್ಪದ ಖಾಲಿ ಡಬ್ಬಿಯಲ್ಲಿ ನೆಟ್ಟು, ಬಾಗಿಲ ಮುಂದಿನ ಗ್ಯಾಲರಿಯಲ್ಲಿಟ್ಟು, ತನ್ನ ಅಮ್ಮ ಮಾಡುತ್ತಿದ್ದಂತೆಯೇ ದಿನವೂ ಮೀನು ತೊಳೆದ ನೀರು ಹೊಯ್ದಳು. ಹಿತ್ತಿಲಿನಲ್ಲಿ ಗೊಬ್ಬರವಾಗುವ ಆ ನೀರು ಚಾಳಿನಲ್ಲಿ ಬೆಕ್ಕುಗಳಿಗೆ ಆಮಂತ್ರಣಪತ್ರಿಕೆಯಾಯಿತು. ಅವು ಮಣ್ಣು ಕೆದಕಿ, ಕೊನೆಗೆ ಡಬ್ಬಿಯಲ್ಲೇ ಪವಡಿಸತೊಡಗಿದವು. ನಾನು ಬೆಳಕಿನ ಅಭಾವವೆಂದು ನಿದಾನಿಸಿ ಡಬ್ಬಿಯನ್ನು ಕಿಟಕಿಗೆ ಸ್ಥಳಾಂತರಿಸಿದೆ. ಬೆಕ್ಕುಗಳೂ ಜೊತೆಗೇ ಸ್ಥಳಾಂತರಗೊಂಡವು.

ಕೊನೆಯ ಎಲೆ ಉದುರಿದ ದಿನ ಗಿರಿಜೆ, "ಬಸಳೆಯೇ ಬದುಕದ ಊರಲ್ಲಿ ಮಗು ಬದುಕುವುದುಂಟಾ ಮಾರಾಯ್ರೆ? ಹೆತ್ತ ಮೇಲೆ ನಾನು ಅಮ್ಮನ ಹತ್ತಿರವೇ ಇರ್ತೇನೆ" ಎಂದಳು. ತಮಾಷೆಯ ಮಾತಲ್ಲ ಅದು. ನಾನು ಹೆದರಿಬಿಟ್ಟೆ.

ಪಕ್ಕದ ಖೋಲಿಯ ಶಾಂತವ್ವ ವಿಜಾಪುರದ ಕಡೆಯವಳು, ಮೀನಿನ ವಾಸನೆಗೇ ಮುಖ ತಿರುಗಿಸುವವಳು. ಮರುದಿನ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬಂದಳು.

"ಮಾಸ್ತರ, ಆ ಡಬ್ಬಿ ಇತ್ತ ಕೊಡ್ರಿ. ನಮ್ಮ ಬಾಗಲಕ್ಕ ಬಿಸಲ ಬರತೈತಿ, ಒಲಿ ಬೂದಿ ಐತಿ. ನಮ್ಮಲ್ಲಿ ಬೆಕ್ಕಿಗೇನು ಕೆಲಸ?"

ಬೂದಿ, ಅಕ್ಕಿ ತೊಳೆದ ನೀರು, ಮುಂಜಾನೆಯ ಬಿಸಿಲು ಇಷ್ಟರಲ್ಲೇ ದಂಟು ಚಿಗುರಿ, ಅವಳು ಸೀರೆ ಒಣಹಾಕುವ ಹಗ್ಗವನ್ನು ಹಿಡಿಯಿತು. ಮೊದಲ ಕೊಯ್ಲನ್ನು ಕೈಗಿಡುವಾಗ, "ಇದರಾಗ ಮೀನ ಹಾಕಂಗಿಲ್ಲ ಮತ್ತ" ಎಂಬ ಕಟ್ಟಪ್ಪಣೆಯಾಯಿತು. ಗಿರಿಜೆ ಬೇಳೆ ಹಾಕಿ ಬೇಯಿಸಿ, ಎರಡು ಸಲ ಬಡಿಸಿಕೊಂಡು ಉಂಡಳು.

ಹೆರಿಗೆಗೆ ಹೊರಟಾಗ ಅವಳು ಹಿಂದಿರುಗುವ ಮಾತೆತ್ತಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ. ಮಗಳು ಹುಟ್ಟಿ ಎರಡು ತಿಂಗಳಾದ ಮೇಲೆ ಒಂದು ಇನ್‌ಲ್ಯಾಂಡ್ ಪತ್ರ ಬಂತು. ನನಗಿಂತ ಮೊದಲು ಬಸಳೆಯ ಕ್ಷೇಮ ವಿಚಾರಿಸಿ, ಕೊನೆಯಲ್ಲಿ ಬರೆದಿದ್ದಳು: "ಶಾಂತವ್ವನ ಬಾಗಿಲಲ್ಲಿ ಇನ್ನೊಂದು ಹಗ್ಗ ಕಟ್ಟಲು ಜಾಗ ಉಂಟಾ ಕೇಳಿ. ಮಗುವಿನ ಬಟ್ಟೆ ಒಣಗಿಸಬೇಕು."

ಓದಿ ಹೇಳಿದೆ. ಶಾಂತವ್ವ ಮೊಳೆ ಹುಡುಕತೊಡಗಿದಳು. ಹಳೆಯ ಹಗ್ಗದಲ್ಲಿ ಅವಳ ಸೀರೆಗೇ ಜಾಗವಿರಲಿಲ್ಲ. ಅದಷ್ಟನ್ನೂ ಬಸಳೆ ತಬ್ಬಿಕೊಂಡಿತ್ತು.