ಕಣ್ಣೇ ಉತ್ತರ ಕೊಟ್ಟ ಪರೀಕ್ಷೆ

ಮಕ್ಕಳೇ, ನಮ್ಮವ್ವ ಕೊನೆಗಾಲದಲ್ಲಿ ಗೋಡೆ ಸವರಿಕೊಂಡು ನಡೆಯುತ್ತಿದ್ದಳು. ಅವಳ ಕಣ್ಣಿಗೆ ನೋವಿರಲಿಲ್ಲ. ದೃಷ್ಟಿ ಅಂಚಿನಿಂದ ಸವೆಯುತ್ತಾ ಬಂತು. ಅದು ಕಣ್ಣಿನೊಳಗಿನ ಒತ್ತಡದಿಂದ ನರ ಹಾಳಾಗುವ ಗ್ಲಾಕೋಮಾ ಎಂದು ತಿಳಿಯುವಷ್ಟರಲ್ಲಿ ಕಾಲ ಮೀರಿತ್ತು. ಈಚೆಗೆ ಚಿಕ್ಕಬಳ್ಳಾಪುರದ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಕಣ್ಣಿನ ಒತ್ತಡವೂ ಹೆಚ್ಚಿದೆ ಎಂದಾಗ ಅವ್ವ ಸವರುತ್ತಿದ್ದ ಆ ಗೋಡೆಯೇ ನೆನಪಾಯಿತು.

ಮೊದಲು, ಯಂತ್ರದೊಳಗೆ ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ತಪ್ಪಾದರೆ ಏನು ಮಾಡುವುದು ಎಂಬ ಸಂಕೋಚ ನನಗೆ. ಕಂಡಿತೋ ಇಲ್ಲವೋ ಎಂದು ಯೋಚಿಸುವಷ್ಟರಲ್ಲಿ ಚುಕ್ಕಿ ಮಾಯವಾಗುತ್ತಿತ್ತು. ಮತ್ತೆ ಮಾಡಿಸಿದಾಗ ಎರಡು ಸಲದ ಉತ್ತರಗಳೂ ಒಂದಕ್ಕೊಂದು ತಾಳೆಯಾಗಲಿಲ್ಲ. ಡಾಕ್ಟರಮ್ಮ ಬೇಸರಿಸಲಿಲ್ಲ.

“ಇನ್ನೊಂದು ಪರೀಕ್ಷೆ ಇದೆ, ಅದ್ರಲ್ಲಿ ನೀವೇನೂ ಹೇಳ್ಬೇಕಾಗಿಲ್ಲ. ನೋಡುವಾಗ ಕಣ್ಣಿನ ಒಳಪರದೆಯಲ್ಲಿ ಸಣ್ಣದಾಗಿ ಕರೆಂಟು ಹುಟ್ಟುತ್ತೆ. ಅದನ್ನ ಅಳೀತೀವಿ.”

ಆ ಪರೀಕ್ಷೆಯ ದಿನ ಬೆಳಿಗ್ಗೆ, ಕಣ್ಣು ತಂಪಾಗಿರಲೆಂದು ನೆತ್ತಿಗೂ ರೆಪ್ಪೆಗೂ ಹರಳೆಣ್ಣೆ ಹಚ್ಚಿಕೊಂಡೇ ಹೋದೆ. ಪರೀಕ್ಷೆ ಮಾಡುವ ಹುಡುಗಿ ಕಣ್ಣಿನ ಕೆಳಗೆ, ಹಣೆಯ ಮೇಲೆ ತಂತಿಗಳನ್ನು ಅಂಟಿಸಿದರೆ ಒಂದೂ ನಿಲ್ಲದು.

“ಏನಜ್ಜಿ, ಎಣ್ಣೆ ಸ್ನಾನನಾ?”

“ಕಣ್ಣಿಗೆ ತಂಪು ಅಂತ, ಕಣಮ್ಮ.”

ಜೊತೆಗಿದ್ದ ನನ್ನ ಸೊಸೆ, ನಿಮ್ಮಮ್ಮ, “ಬಿಟ್ರೆ ನಿಮ್ ಮಿಷಿನ್ನಿಗೂ ಹಚ್ತಾರೆ ನಮ್ಮತ್ತೆ” ಎಂದಳು.

“ಹಚ್ಲಿ ಬಿಡಿ, ಅದೂ ಬೆಳಗ್ಗಿಂದ ಬಿಸಿಯಾಗೈತೆ.”

ಆ ಹುಡುಗಿ ಎಣ್ಣೆಯನ್ನು ನಿಧಾನವಾಗಿ ಒರೆಸಿ ತೆಗೆದಳು. ನಿಮ್ಮ ತಾತ ಹೋದಮೇಲೆ ನನ್ನ ಹಣೆಯನ್ನು ಯಾರೂ ಅಷ್ಟು ಅಕ್ಕರೆಯಿಂದ ಮುಟ್ಟಿರಲಿಲ್ಲ. ಎದುರಿನ ಪರದೆಯಲ್ಲಿ ಕಪ್ಪು ಬಿಳಿ ಚೌಕಗಳು ಜಾಗ ಬದಲಿಸುತ್ತಿದ್ದವು. ನಡುವಿನ ಕೆಂಪು ಚುಕ್ಕಿಯನ್ನು ನೋಡುತ್ತಾ ಕೂತೆ, ಅಷ್ಟೇ. ಪಕ್ಕದ ಕಂಪ್ಯೂಟರಿನಲ್ಲಿ ನನ್ನ ಕಣ್ಣಿನ ಉತ್ತರ ಗೆರೆಯಾಗಿ ಮೂಡಿತು. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವಾಗ, ಬಿಸಿನೀರಲ್ಲಿ ಬೆಂದ ಗೂಡಿನಿಂದ ಕಣ್ಣಿಗೆ ಕಾಣದಂಥ ಎಳೆಯನ್ನು ಬೆರಳಲ್ಲಿ ಹಿಡಿಯುತ್ತಿದ್ದವಳು ನಾನು. ಇವಳು ಹಿಡಿದದ್ದು ಅದಕ್ಕಿಂತ ಸಣ್ಣ ಎಳೆ.

ಬಲಗಣ್ಣಿನ ಗೆರೆಯ ಅಲೆ ಕುಗ್ಗಿತ್ತು. ಒತ್ತಡ, ಯಂತ್ರದಲ್ಲಿ ತೆಗೆದ ಕಣ್ಣಿನ ನರದ ಚಿತ್ರ ಎಲ್ಲ ಸೇರಿಸಿ ನೋಡಿದ ಡಾಕ್ಟರಮ್ಮ, ಇದು ಗ್ಲಾಕೋಮಾದ ಆರಂಭ ಎಂದರು.

“ನಮ್ಮವ್ವನ ಹಾಗೆ ಆಗ್ತೀನಾ?” ನಾನಾಗಿ ಬಾಯಿಬಿಟ್ಟು ಕೇಳಿದ ಮೊದಲ ಪ್ರಶ್ನೆ ಅದು.

“ಬೇಗ ಸಿಕ್ಕಿದೆ. ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಕಾಪಾಡ್ಕೋಬೋದು. ದಿನಾ ಡ್ರಾಪ್ಸ್ ಹಾಕ್ಕೊಳ್ಳಿ, ತಪ್ಪಿಸ್ಬೇಡಿ. ಇದು ವಂಶದಲ್ಲಿ ಬರ್ಬೋದು, ಒಡಹುಟ್ಟಿದವರಿದ್ರೆ ಅವ್ರೂ ತೋರಿಸ್ಕೊಳ್ಳಿ.”

ಬಸ್ ಸ್ಟ್ಯಾಂಡಿನಿಂದಲೇ ಚಿಂತಾಮಣಿಯಲ್ಲಿರುವ ನನ್ನ ತಮ್ಮನಿಗೆ ಫೋನು ಮಾಡಿ, ನೀನೂ ಕಣ್ಣು ತೋರಿಸ್ಕೋ ಎಂದೆ.

“ನಂಗೆ ಚೆನ್ನಾಗೇ ಕಾಣ್ತದಲ್ಲಕ್ಕ” ಎಂದ.

“ನಂಗೂ ಚೆನ್ನಾಗೇ ಕಾಣ್ತಿತ್ತು ಕಣೋ.”

“ಆಸ್ಪತ್ರೆಗೆ ನೀನೂ ಜೊತೆಗೆ ಬರ್ತೀಯಾ?” ಎಂದು ಕೇಳಿದ.

“ಬರ್ತೀನಪ್ಪ” ಎಂದೆ.